ಯಜಮಾನರ ನಂಬರ್

‘ಡೆಲಿವರ್ಡ್’ ಎಂಬ ಪದ ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ.

ಪರದೇಶದ ಬಂದರು ಪ್ರದೇಶವಾದ ಪಾಸಿರ್ ಪಂಜಾಂಗಿನ ಆಫೀಸಿನಿಂದ ಮಲಾವಿ ದೇಶದ ರೈತರ ಮೊಬೈಲಿಗೆ ಬೇಸಾಯದ ಸಲಹೆ ಕಳಿಸುವುದು ನನ್ನ ಕೆಲಸ. ಸಂದೇಶ ತಲುಪಿದರೆ ಪರದೆಯ ಮೇಲೆ ಆ ಪದ ಹಸಿರು ಬಣ್ಣದಲ್ಲಿ ಮೂಡುತ್ತದೆ. ಹಸಿರು ಹೆಚ್ಚಿದಷ್ಟೂ ಮ್ಯಾನೇಜರ್ ಮುಖ ಅರಳುತ್ತದೆ. ಅವರು ಉಡುಪಿ ಕಡೆಯವರು, ಆದರೆ ಗದ್ದೆಗೆ ಇಳಿದವರಲ್ಲ. ನಾನೋ ಹಾವೇರಿಯವಳು, ಗೋವಿನಜೋಳದ ಹೊಲದಲ್ಲೇ ಬೆಳೆದವಳು.

ಒಂದು ದಿನ ಜಾಹೀರಾತಿಗೆ ಮೆಚ್ಚುಗೆಯ ನಾಲ್ಕು ಮಾತು ಬೇಕಾಗಿ ಒಬ್ಬ ರೈತನಿಗೆ ಫೋನ್ ಮಾಡಿದೆ. ಅವನು ರಾಜಧಾನಿಯಲ್ಲಿ ವಾಚ್‌ಮನ್ ಆಗಿದ್ದ. ಹೊಲ ನೋಡಿಕೊಳ್ಳುವವಳು ಹೆಂಡತಿ, ಅವಳ ಹತ್ತಿರ ಫೋನಿಲ್ಲ, ತಾನು ತಿಂಗಳಿಗೊಮ್ಮೆ ಊರಿಗೆ ಹೋಗುತ್ತೇನೆ ಎಂದ. ಸೈನಿಕ ಹುಳು ಬರುತ್ತಿದೆ, ಗೋವಿನಜೋಳದ ಸುಳಿಯೊಳಗೆ ಬೂದಿ ಹಾಕಿ ಎಂದು ಮೂರು ವಾರದ ಹಿಂದೆ ನಾವು ಕಳಿಸಿದ ಸಂದೇಶ ಇನ್ನೂ ಅವನ ಜೇಬಿನಲ್ಲೇ ಇತ್ತು. ಊರಿನ ಅಂಗಡಿಯ ನಂಬರ್ ಇಸಿದುಕೊಂಡು ನೇರ ಮ್ಯಾನೇಜರ್ ಬಳಿ ಹೋದೆ.

“ಅಂಗಡಿ ಫೋನಿಗೂ ಕಳಿಸೋಣ ಸರ್. ಹೆಂಗಸರಿಗೆ ತಲುಪುತ್ತೆ.”

“ಅಂಗಡಿಯವನು ರಿಜಿಸ್ಟರ್ಡ್ ಫಾರ್ಮರ್ ಅಲ್ವಲ್ಲ ಮೇಡಂ. ಡೆಲಿವರ್ಡ್ ಅಂತ ಬಂದಿದೆ, ಇನ್ನೇನು ಬೇಕು? ಸುಮ್ನೆ ಇಶ್ಯೂ ಮಾಡ್ಬೇಡಿ.”

“ಡೆಲಿವರ್ ಆಗಿರೋದು ವಾಚ್‌ಮನ್ ಜೇಬಿಗೆ ಸರ್, ಹೊಲಕ್ಕಲ್ಲ!”

ಲಂಚ್‌ಗೆ ಲೇಟಾಯಿತೆಂದು ಅವರು ಎದ್ದು ಹೋದರು. ಅವರ ಲ್ಯಾಪ್‌ಟಾಪ್ ಎತ್ತಿ ಕಿಟಕಿಯಾಚೆಯ ಕಂಟೇನರುಗಳ ಮೇಲೆ ಎಸೆಯಬೇಕೆನಿಸಿತು.

ಆದರೆ ನನ್ನ ಮೇಲೆ ನನಗೆ ಬಂದ ಸಿಟ್ಟು ಅದಕ್ಕಿಂತ ದೊಡ್ಡದು. ನೋಂದಣಿಯ ಫಾರ್ಮ್ ಬರೆದವಳು ನಾನೇ. ‘ಮನೆಯ ಯಜಮಾನರ ಮೊಬೈಲ್ ನಂಬರ್’ ಎಂದು ಕೇಳಿದವಳೂ ನಾನೇ. ನಮ್ಮ ಹೊಲದಲ್ಲಿ ಕಳೆ ಕಿತ್ತವಳು, ಹುಳ ಆರಿಸಿದವಳು ಅವ್ವ. ಅಪ್ಪ ಹುಬ್ಬಳ್ಳಿಯಲ್ಲಿ ಕಂಡಕ್ಟರ್ ಆಗಿದ್ದ. ಇಷ್ಟೆಲ್ಲ ಗೊತ್ತಿದ್ದೂ ಹಾಗೆ ಬರೆದೆನಲ್ಲ, ನನ್ನ ಬುದ್ಧಿಗಿಷ್ಟು!

ಸಂಜೆ ಬುಕಿತ್ ಬಾಟೋಕಿನ ನಮ್ಮ ವಸತಿ ಬ್ಲಾಕಿನ ಕೆಳಗಿನ ತೆರೆದ ಜಗಲಿಯಂಥ ವಾಯ್ಡ್ ಡೆಕ್‌ನಲ್ಲಿ ಕೂತು ಆ ಅಂಗಡಿಗೆ ಫೋನ್ ಮಾಡಿ ಆ ರೈತನ ಹೆಂಡತಿಯನ್ನು ಕರೆಸಿದೆ. ಅವನನ್ನೂ ಅದೇ ಕರೆಗೆ ಸೇರಿಸಿಕೊಂಡೆ. ನನ್ನ ಇಂಗ್ಲಿಷನ್ನು ಅವನು ಅವಳ ಭಾಷೆಗೆ ತಿರುಗಿಸುತ್ತಾ ಹೋದ. ಸುಳಿ, ಬೂದಿ, ಎಲ್ಲ ವಿವರಿಸಿದೆ. ಆಮೇಲೆ ಅವಳು ಹೊಲದ ಸುದ್ದಿ ಹೇಳಿದಳು.

ಹುಳು ಎರಡು ವಾರದ ಹಿಂದೆಯೇ ಬಂದು ಹೊಲ ಮುಗಿಸಿತ್ತಂತೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಲು ಹೊರಟಿದ್ದೆ ನಾನು.

ಅವಳು ಮತ್ತೇನೋ ಅಂದಳು. ಅದನ್ನು ನನಗೆ ಹೇಳಲು ಅವನು ತಡವರಿಸಿದ.

“ಬೂದಿ ನನ್ನ ಒಲೆಯಲ್ಲೇ ಇತ್ತು, ನಿಮಗಿಬ್ಬರಿಗೂ ಗೊತ್ತಿತ್ತು, ನನಗೇಕೆ ಹೇಳಲಿಲ್ಲ ಎಂದು ಕೇಳುತ್ತಿದ್ದಾಳೆ.”