ಪಿ ಅಂದ್ರೆ ಪಾಸು

ನಾವು ಓದುವ ಕಾಲಕ್ಕೆ ಕನ್ನಡ ಶಾಲೆಯಲ್ಲಿ ಇಂಗ್ಲಿಷು ಐದನೇ ಕ್ಲಾಸಿಗೆ ಬರುತ್ತಿತ್ತು. ಹಾಗಾಗಿ ಐದಕ್ಕೆ ಬಂದವರಿಗೆ ಸ್ವಲ್ಪ ಕೊಬ್ಬು. ಹೊಳೆನರಸೀಪುರದ ನಮ್ಮ ಬೀದಿಯಲ್ಲಿ ಆ ವರ್ಷ ಐದನೇ ಕ್ಲಾಸಿನವಳು ನಾನೊಬ್ಬಳೇ. ಬಸ್ಸಿನ ಬೋರ್ಡು, ಸೋಪಿನ ಕವರು, ಗೊಬ್ಬರದ ಚೀಲ, ಕಣ್ಣಿಗೆ ಬಿದ್ದದ್ದನ್ನೆಲ್ಲ ಓದಿ ಅರ್ಥ ಹೇಳುತ್ತಿದ್ದೆ. ಅರ್ಥ ಗೊತ್ತಿಲ್ಲದಿದ್ದರೆ ಹುಟ್ಟಿಸಿಕೊಂಡು ಹೇಳುತ್ತಿದ್ದೆ. ಕೇಳುವವರಿಗೂ ಗೊತ್ತಿರಲಿಲ್ಲವಾದ್ದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ.

ಅದು ಅವರೆಕಾಯಿ ಕಾಲ. ಮನೆಯೆಲ್ಲ ಸೊಗಡಿನ ವಾಸನೆ. ಸಂಜೆ ಜಗಲಿಯ ಮೇಲೆ ನೆನೆದ ಕಾಳು ಹಿತುಕುತ್ತ ಜಯತ್ತೆ ಕೂತಿರುತ್ತಿದ್ದಳು. ಅವಳು ಅಪ್ಪನ ತಂಗಿ. ಎರಡು ವರ್ಷದವಳಿದ್ದಾಗ ಪೋಲಿಯೊ ಬಂದು ಎಡಗಾಲು ಸೋತಿತ್ತು. ಮೊಣಕಾಲಿನ ಮೇಲೆ ಅಂಗೈ ಒತ್ತಿಯೇ ಹೆಜ್ಜೆ ಇಡಬೇಕು. ಬೀದಿಯಲ್ಲಿ ನಾವು ಆಡುವ ಕುಂಟೆಬಿಲ್ಲೆಗೆ ಅವಳೇ ಅಂಪೈರು.

"ಗೆರೆ ತುಳುದ್ಬುಟ್ಟೆ, ಔಟು! ಕುಂಟೋದ್ರಲ್ಲಿ ನನ್ಗೇ ಮೋಸ ಮಾಡ್ತೀಯೇನಮ್ಮಿ?" ಎಂದು ಕೂಗಿ, ಮೊದಲು ತಾನೇ ನಗುವಳು.

ಇಷ್ಟು ನಗುವವಳು ಬೀದಿಯ ತಿರುವು ದಾಟುತ್ತಿರಲಿಲ್ಲ. ನೆಂಟರ ಮದುವೆಗೂ ಇಲ್ಲ. ಜನ ಮೊದಲು ಕಾಲು ನೋಡಿ ಆಮೇಲೆ ಮುಖ ನೋಡುತ್ತಾರೆ, ಅದಕ್ಕಿಂತ ಮನೆಯೇ ವಾಸಿ ಅನ್ನುವಳು.

ಆ ಸಲದ ಪೋಲಿಯೊ ಭಾನುವಾರ ಅಮ್ಮ ಐದು ತಿಂಗಳ ತಮ್ಮನನ್ನು ಎತ್ತಿಕೊಂಡು ಕೊಣನೂರಿನ ತವರಿಗೆ ಹೋಗಿದ್ದಳು. ಮಗುವಿಗೆ ನೆಗಡಿ ಎಂದು ಅಲ್ಲಿ ಹನಿ ಹಾಕಿಸಿರಲಿಲ್ಲ. ಸೋಮವಾರ ಬೆಳಿಗ್ಗೆ ನರ್ಸಮ್ಮ ಮನೆಮನೆಗೆ ಬಂದಾಗ ಅಮ್ಮ ಇನ್ನೂ ಬಸ್ಸಿನಲ್ಲಿದ್ದಳು. ಅಜ್ಜಿ, "ಮಗ ಊರಲ್ಲಿಲ್ಲ ಕಣವ್ವ, ಮದ್ಯಾನುಕ್ಕೆ ಬತ್ತದೆ" ಎಂದಳಂತೆ. ನರ್ಸಮ್ಮ, ನಾಳೆ ಬರ್ತೀವಿ ಎಂದು ಹೇಳಿ, ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಒಂದು ಗುರುತು ಹಾಕಿ ಹೋದರು.

ಶಾಲೆಯಿಂದ ಬಂದ ನಾನು ಅದನ್ನು ನೋಡಿ ಅಲ್ಲೇ ನಿಂತೆ. ದೊಡ್ಡ ಇಂಟು! ಎದುರು ಮನೆಯ ಬಾಗಿಲಲ್ಲಿ ಪಿ, ಪಕ್ಕದ ಮನೆಯಲ್ಲೂ ಪಿ. ನನ್ನ ಇಂಗ್ಲಿಷಿಗೆ ಅರ್ಥ ಹೊಳೆಯಲು ಎಷ್ಟು ಹೊತ್ತು? ಪಿ ಅಂದ್ರೆ ಪಾಸು. ಇಂಟು ಅಂದ್ರೆ ತಪ್ಪು. ನನ್ನ ಲೆಕ್ಕದ ಪುಸ್ತಕದ ತುಂಬ ಮೇಷ್ಟ್ರು ಹಾಕುತ್ತಿದ್ದದ್ದೂ ಅದನ್ನೇ. ಇಡೀ ಬೀದಿ ಪಾಸಾಗಿ ನಮ್ಮ ಮನೆಯೊಂದೇ ಫೇಲು ಎಂದು ನನಗೆ ಅಳು ಬಂತು. ಚೀಲದಲ್ಲಿದ್ದ ಸೀಮೆಸುಣ್ಣದ ಚೂರು ತೆಗೆದು, ಲಂಗದ ಅಂಚಿನಿಂದ ಇಂಟು ಒರೆಸಿ, ಎದುರು ಮನೆಯದನ್ನು ನೋಡಿಕೊಂಡು ಅಂದವಾಗಿ ಪಿ ಬರೆದೆ. ಅವತ್ತು ರಾತ್ರಿ ಹಿತಕಿದ ಬೇಳೆ ಸಾರಿಗೆ ಇನ್ನೊಂದು ಮುದ್ದೆ ಹಾಕಿಸಿಕೊಂಡೆ.

ಮಂಗಳವಾರ ಸಂಜೆ ಮನೆಗೆ ಬಂದರೆ ಅಮ್ಮನ ಮುಖ ಬಾಡಿತ್ತು. "ಬೆಳಿಗ್ಗೆಯಿಂದ ಕಾಯ್ತಾ ಇವ್ನಿ, ಹನಿ ಹಾಕೋರು ಬರ್ನೇ ಇಲ್ಲ. ಇವತ್ತೇ ಕೊನೆ ಅಂತೆ" ಎಂದು ತಮ್ಮನ ಕಾಲು ಸವರಿ, ಅವನನ್ನು ಜಗಲಿಯಲ್ಲಿ ಅತ್ತೆಯ ಪಕ್ಕ ಮಲಗಿಸಿ ಒಳಗೆ ಹೋದಳು. ಅತ್ತೆ ಕಾಳು ಹಿತುಕುತ್ತ ಬಾಗಿಲ ಕಡೆಗೇ ನೋಡುತ್ತಿದ್ದಳು.

"ಬೆಳಿಗ್ಗೆ ಅವ್ರು ನಮ್ಮನೆ ಮುಂದ್ಲಿಂದ್ಲೇ ಹೋದ್ರು ಕಣಮ್ಮಿ, ತಿರ್ಗಾ ಬತ್ತಾರೆ ಅನ್ಕಂಡು ನಾನೂ ಕೂಗ್ನಿಲ್ಲ. ಬಾಗ್ಲು ನೋಡ್ಬುಟ್ಟು ಅಂಗೇ ಹೋದ್ರು. ಅದ್ಯಾಕೆ?"

ಇಂಟು ಅಂದರೆ ಹನಿ ಹಾಕುವುದು ಬಾಕಿ, ಪಿ ಅಂದರೆ ಹಾಕಿ ಆಯಿತು ಎಂದು ನನಗೆ ಆಗ ತಿಳಿಯಿತು. ತಮ್ಮನೂ ದೊಡ್ಡವನಾಗಿ ಮೊಣಕಾಲು ಒತ್ತಿಕೊಂಡು ನಡೆಯುತ್ತಾನೆ, ಅದಕ್ಕೆ ನಾನೇ ಕಾರಣ ಅನ್ನಿಸಿ ಅತ್ತೆಯ ಮಡಿಲಿಗೆ ಬಿದ್ದು ಎಲ್ಲ ಹೇಳಿಬಿಟ್ಟೆ. ಬೈಯುತ್ತಾಳೆ ಅಂದುಕೊಂಡೆ. ಅವಳು ಮೊರ ಪಕ್ಕಕ್ಕಿಟ್ಟು ಕೈ ಒರೆಸಿಕೊಂಡಳು.

"ನಿಮ್ಮವ್ವಂಗೆ ಗೊತ್ತಾದ್ರೆ ಚರ್ಮ ಸುಲಿತಾಳೆ. ಮಗೀನ ಎತ್ಕೊ. ಆಸ್ಪತ್ರೇಲಿ ಇನ್ನೂ ಇರ್ತಾರೆ."

ಒಳಕ್ಕೆ ಕೂಗಿ ಹೇಳಿದಳು: "ಅತ್ಗೆ, ಮಗೀನ ಒಸಿ ಗಾಳಿಗೆ ಕರ್ಕೊಂಡೋಗಿ ಬತ್ತೀವಿ."

ಅಮ್ಮ ಸೌಟು ಹಿಡಿದೇ ಹೊರಗೆ ಬಂದಳು. "ನೀನಾ?"

ಅತ್ತೆ ಆಗಲೇ ಬೀದಿಗೆ ಇಳಿದಿದ್ದಳು. ತಿರುವು ಬಂತು, ದಾಟಿದಳು. ಪೇಟೆಬೀದಿಯಲ್ಲಿ ಅಂಗಡಿಯವರು ನೋಡಿದರು, ಸೈಕಲ್ಲಿನವರು ತಿರುಗಿ ನೋಡಿದರು. ಅವಳಿಗೆ ಏದುಸಿರು ಬಂದು ಹಣೆಯಲ್ಲಿ ಬೆವರು ಮೂಡಿತ್ತು. ಕೂತು ಹೋಗೋಣ ಎಂದರೆ, "ನೋಡ್ಲಿ ಬುಡು, ನೋಡಿದ್ರೆ ಸವ್ದೋಯ್ತದಾ? ನಡಿ" ಎಂದಳು. ಅವಳ ಮೇಲೆ ಅವತ್ತು ಹುಟ್ಟಿದಷ್ಟು ಪ್ರೀತಿ ನನಗೆ ಇನ್ಯಾರ ಮೇಲೂ ಹುಟ್ಟಿಲ್ಲ.

ಆಸ್ಪತ್ರೆಯ ವರಾಂಡದಲ್ಲಿ ನರ್ಸಮ್ಮ ಹನಿಯ ಡಬ್ಬಿ ಒಳಗಿಡಲು ಎತ್ತಿಕೊಂಡಿದ್ದರು. ಪಟ್ಟಿ ನೋಡಿ ಹುಬ್ಬು ಗಂಟಿಕ್ಕಿದರು. "ಇಲ್ಲಿ ಎಕ್ಸ್ ಇದೆ. ಆದ್ರೆ ನಿಮ್ಮ ಬಾಗಿಲಲ್ಲಿ ಪಿ ಇತ್ತಲ್ಲ? ಬೇರೆ ಟೀಮಿನವರು ಬಂದು ಹಾಕಿದ್ದಾರೆ ಅಂದ್ಕೊಂಡು ಮುಂದಕ್ಕೆ ಹೋದ್ವಿ."

ಅತ್ತೆ ನನ್ನ ಬೆನ್ನಿಗೆ ತಿವಿದಳು. "ನಾನೇ ಬರೆದಿದ್ದು ಮೇಡಂ. ಪಿ ಅಂದ್ರೆ ಪಾಸು ಅಂತ..." ಎಂದೆ.

ನರ್ಸಮ್ಮ ಡಬ್ಬಿ ಕೆಳಗಿಟ್ಟು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ತಮ್ಮನ ಬಾಯಿಗೆ ಎರಡು ಹನಿ ಬಿತ್ತು, ಕಿರುಬೆರಳಿಗೆ ಶಾಯಿ, ಪಟ್ಟಿಯಲ್ಲಿ ಪಿ. ಆಮೇಲೆ ಅವರು ಅತ್ತೆಯ ಕಾಲನ್ನೂ, ಬೆವರಿದ ಮುಖವನ್ನೂ ನೋಡಿ, "ಮುಂದಿನ ಸಲ ನಮ್ಮ ಬೂತಿಗೆ ಬಂದು ಕೂತ್ಕೊಳ್ತೀರಾ? ಸುಮ್ನೆ ಕೂತ್ರೆ ಸಾಕು" ಎಂದರು. ನನಗೆ ಚುರುಕ್ ಎಂದಿತು. ಅತ್ತೆ ಸೆರಗಿನಿಂದ ಹಣೆ ಒರೆಸಿಕೊಂಡು, "ನನ್ ಕಾಲೇ ನೋಟೀಸ್ ಬೋರ್ಡು ಅನ್ನಿ. ಬತ್ತೀನಿ ತಗಳಿ" ಎಂದಳು.

ಹೇಳಿದಂತೆ ಹೋದಳು ಕೂಡ. ಆಮೇಲೆ ವರ್ಷಾನುಗಟ್ಟಲೆ ಪೋಲಿಯೊ ಭಾನುವಾರ ಅತ್ತೆ ಒಳ್ಳೆ ಸೀರೆಯುಟ್ಟು ಶಾಲೆಯ ಬೂತಿನಲ್ಲಿ ಕೂರುತ್ತಿದ್ದಳು. ಹನಿ ಬೇಡ ಎಂದು ವಾದ ಮಾಡುವ ಅಜ್ಜಿಯರು ಅವಳನ್ನು ನೋಡಿದ ಮೇಲೆ ಮಾತು ಬೆಳೆಸುತ್ತಿರಲಿಲ್ಲ. ಬೂತಿಗೆ ಹೋಗುವುದು ರೂಢಿಯಾದ ಮೇಲೆ ಮದುವೆಗಳಿಗೂ ಹೋಗತೊಡಗಿದಳು, ಚನ್ನರಾಯಪಟ್ಟಣದವರೆಗೂ.

ಈಗ ನನ್ನ ಮಗಳ ಚುಚ್ಚುಮದ್ದಿನ ಲೆಕ್ಕವೆಲ್ಲ ಮೊಬೈಲಿಗೆ ಬರುತ್ತದೆ. ಯಾವ ಐದನೇ ಕ್ಲಾಸಿನವಳೂ ಅದನ್ನು ಲಂಗದಿಂದ ಒರೆಸಲಾರಳು, ಒಳ್ಳೆಯದೇ ಆಯಿತು. ಹೋದ ಪೋಲಿಯೊ ಭಾನುವಾರ ಅದೇ ಶಾಲೆಗೆ ಮಗಳನ್ನು ಕರೆದುಕೊಂಡು ಹೋಗಿದ್ದೆ. ಅತ್ತೆ ತೀರಿಕೊಂಡು ಎರಡು ವರ್ಷವಾಗಿತ್ತು. ಮುಂದೆ ನಿಂತಿದ್ದ ಚಿಕ್ಕ ವಯಸ್ಸಿನ ತಾಯಿಯೊಬ್ಬಳು ನನ್ನತ್ತ ತಿರುಗಿ, "ಈ ಕಾಯ್ಲೆ ಯಾರ್ಗೂ ಬಂದಿದ್ದೇ ನೋಡಿಲ್ಲ ಅಕ್ಕ. ನೀವು ನೋಡಿದ್ದೀರಾ?" ಎಂದಳು.

"ನಮ್ಮತ್ತೆಗಿತ್ತು."

"ಈಗ?"

"ಈಗಿಲ್ಲ" ಎಂದೆ.

"ವಾಸಿಯಾಯ್ತಾ? ಸದ್ಯ!" ಎಂದು ಆ ಹುಡುಗಿ ನಿಜವಾಗಿಯೂ ಸಂತೋಷಪಟ್ಟು, ಮಗುವಿನ ಬಾಯಿ ತೆರೆಸಿದಳು.