ಮೂರಡಿ ಪಾಯ

ನಮ್ಮ ದೊಡ್ಡಪ್ಪನಂಥ ನಿಷ್ಠಾವಂತ ಇಂಜಿನಿಯರ್ ಇನ್ನೊಬ್ಬರಿಲ್ಲ, ಅಣೆಕಟ್ಟಿನಲ್ಲಿ ಹೆಂಡತಿಯ ತವರೇ ಮುಳುಗುತ್ತದೆಂದು ಗೊತ್ತಿದ್ದರೂ ಮಾವನಿಗೆ ಗುಟ್ಟು ಬಿಟ್ಟುಕೊಡಲಿಲ್ಲ ಎನ್ನುತ್ತದೆ ದಾವಣಗೆರೆ. ಇರಬಹುದು. ಆದರೆ ನೀವೇ ಹೇಳಿ, ಮುಳುಗಿದ್ದು ಯಾರ ತವರು, ಹಾರ ಬಿದ್ದದ್ದು ಯಾರ ಕೊರಳಿಗೆ?

ಈಗ ಅವರು ನಿವೃತ್ತರು. ಇವತ್ತು ಪಿ.ಜೆ. ಬಡಾವಣೆಯ ಮನೆಯ ಗೇಟಿಗೆ ಹೆಸರು ಬರೆಸುತ್ತಿದ್ದರು. ಕೆಂಪು ಬಣ್ಣದ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಆ ತವರಿನ ಗೋಡೆ ನೆನಪಾಯಿತು.

ನಾನು ಚಿಕ್ಕವನಿದ್ದಾಗ ಒಂದು ವರ್ಷ ನಾಗರ ಪಂಚಮಿಗೆ, ಸಿಹಿ ಉಂಡಿಯ ಆಸೆಯಿಂದ ದೊಡ್ಡಮ್ಮನ ಜೊತೆ ನಾನೂ ಅಲ್ಲಿಗೆ ಹೋಗಿದ್ದೆ. ವಾದದ ಚಟ ಆಗಿನ್ನೂ ಅಂಟಿರಲಿಲ್ಲ. ಬಾಯಿಗೆ ಬೇರೆ ಕೆಲಸವಿತ್ತು. ದೊಡ್ಡಮ್ಮನ ಅಪ್ಪ ಕಿರಿಮಗನ ಮದುವೆಗೆಂದು ಮನೆ ಕಟ್ಟಿಸಲು ಹೊರಟಿದ್ದರು.

“ಅಳಿಯಾರೆ, ನೀವು ಹೊಳೀನೇ ನಿಲ್ಸೋರು. ನಮ್ಮ ಮನಿಗೆ ಪಾಯ ಎಷ್ಟು ತಗಸ್ಲಿ ಹೇಳ್ರಿ.”

ದೊಡ್ಡಪ್ಪ ಕೋಲಿನಿಂದ ನೆಲ ಕುಕ್ಕಿ ನೋಡಿದರು. “ಮಣ್ಣು ಮೆತ್ತಗೈತೆ. ಮೂರಡಿ ತಗಸ್ರಿ.”

“ಭಾವಾರು ಹೇಳಿದ್ಮ್ಯಾಲೆ ಮುಗೀತು, ಪ್ರಳಯ ಬಂದ್ರೂ ಅಲ್ಲಾಡಲ್ಲ!” ಎಂದ ಕಿರಿಮಗ. ಎಲ್ಲರೂ ನಕ್ಕರು. ದೊಡ್ಡಪ್ಪನೂ ನಕ್ಕರು.

ಮನೆ ಎದ್ದಿತು, ಸೊಸೆ ಬಂದಳು. ಮರುವರ್ಷದ ಪಂಚಮಿಯಲ್ಲಿ ಹೊಸ ಗೋಡೆಯ ಮೇಲೆ, ನನ್ನ ತಲೆಗಿಂತ ಎತ್ತರದಲ್ಲಿ, ಒಂದು ಕೆಂಪು ಗೆರೆ: ನೀರು ಇಲ್ಲಿಯವರೆಗೆ ಬರುತ್ತದೆ ಎಂಬ ಗುರುತು. ಎಳೆದು ಹೋದವರು ದೊಡ್ಡಪ್ಪನ ಕೈಕೆಳಗಿನವರೇ. ಆಮೇಲೆ ಊರು ಮುಳುಗಿತು, ತವರಿನವರೆಲ್ಲ ದೂರದ ತಾಲ್ಲೂಕಿಗೆ ಹೋದರು. ದೊಡ್ಡಮ್ಮನನ್ನು ಹಬ್ಬಕ್ಕೆ ಕರೆಯಲು ಮತ್ತೆ ಯಾರೂ ಬರಲಿಲ್ಲ.

ಬದಲಿಗೆ ದೊಡ್ಡಪ್ಪ ಪ್ರತಿ ಪಂಚಮಿಗೆ ಹೆಂಡತಿಯನ್ನು ಜೀಪಿನಲ್ಲಿ ಹರಿಹರದ ಸೇತುವೆಗೆ ಕರೆದೊಯ್ಯುತ್ತಿದ್ದರು. “ನೋಡು, ನಿನ್ನ ತವರಿಂದ ಬಂದ ನೀರು.” ಇದನ್ನೂ ಜನ ಪ್ರೀತಿಯ ಕಥೆಯೆಂದು ಹೇಳುತ್ತಾರೆ. ಒಮ್ಮೆ ನಾನೂ ಜೊತೆಗಿದ್ದೆ. ದೊಡ್ಡಮ್ಮ ಅಂದದ್ದನ್ನು ಮಾತ್ರ ಯಾರೂ ಹೇಳುವುದಿಲ್ಲ: “ತವರಾಗಿದ್ರೆ ಒಳಗೆ ಬಾ ಅಂತಿತ್ತು. ಇದು ನಿಲ್ದಂಗೆ ಹೋಗ್ತೈತೆ ನೋಡ್ರಿ.”

ನಾನು ಉಣ್ಣುವ ಅನ್ನವೂ ಆ ಅಣೆಕಟ್ಟಿನ ಕಾಲುವೆಯದೇ, ಒಪ್ಪಿದೆ. ಅನ್ನ ಬೇರೆ, ಆ ಮೂರಡಿ ಬೇರೆ. ಗುಟ್ಟು ಒಡೆಯದೆಯೇ “ಈ ವರ್ಷ ಬ್ಯಾಡ” ಎನ್ನಬಹುದಿತ್ತಲ್ಲ? ಮುಳುಗುವುದು ಗೊತ್ತಿದ್ದರೆ “ಮೂರಡಿ ತಗಸ್ರಿ” ಎಂದದ್ದು ಮೋಸ. ಗೊತ್ತಿರದಿದ್ದರೆ ದಾವಣಗೆರೆಯ ಈ ಹೊಗಳಿಕೆ ಸುಳ್ಳು. ಎರಡರಲ್ಲಿ ಒಂದನ್ನು ಅವರು ಆರಿಸಿಕೊಳ್ಳಲೇಬೇಕು.

ಇವತ್ತು ಕೇಳಿಯೇಬಿಟ್ಟೆ. ದೊಡ್ಡಪ್ಪ ಬಣ್ಣದವನ ಕಡೆ ತಿರುಗಿ, “ಅಕ್ಷರ ಸೊಟ್ಟ ಆತು ನೋಡಪ್ಪ” ಎಂದರು.

ಚಹಾ ತಂದಿದ್ದ ದೊಡ್ಡಮ್ಮ ತಟ್ಟೆಯನ್ನು ಕಟ್ಟೆಯ ಮೇಲಿಟ್ಟು ಗಂಡನ ಎದುರಿಗೆ ನಿಂತರು.

“ಹುಡುಗ ಕೇಳಿದ್ದು ಬಿಡ್ರಿ. ಈಗ ನಾ ಕೇಳ್ತೀನಿ. ಅವತ್ತು ನಿಮಗೆ ಗೊತ್ತಿತ್ತೇನ್ರಿ?”