ಗರ್ದಿ ಕಾಣದ ಡೊಂಬಿವಲಿ

ಆ ಭಾನುವಾರ ಮಾಡಿದ ಕೆಲಸಗಳು: ನಳ್ಳಿಯಲ್ಲಿ ನೀರಿರುವಾಗಲೇ ಡ್ರಮ್ ತುಂಬಿಸಿದೆ. ದೋಸೆಗೆ ಅಕ್ಕಿ ನೆನೆಹಾಕಿದೆ. ಪಾರಿವಾಳಗಳು ಕೆಡಿಸಿದ್ದ ಕಿಟಕಿಯ ಗ್ರಿಲ್ ಉಜ್ಜಿದೆ. ಅದೇ ಗ್ರಿಲ್ಲಿಗೆ ಬಟ್ಟೆ ಕ್ಲಿಪ್ಪಿನಿಂದ ಸಿಕ್ಕಿಸಿದ್ದ ವೆಬ್‌ಕ್ಯಾಮಿನ ಕಣ್ಣನ್ನು ಹಳೆ ಪಂಚೆಯ ತುಂಡಿನಿಂದ ಒರೆಸಿದೆ. ಥಾಣೆಯಿಂದ ಅಕ್ಕ ಬರುವವಳಿದ್ದಳು.

ವೆಬ್‌ಕ್ಯಾಮ್ ಮಗಳ ಆನ್‌ಲೈನ್ ಕ್ಲಾಸಿಗೆಂದು ಕೊಂಡ ಅಗ್ಗದ ಮಾಲು. ಕ್ಲಾಸು ಮುಗಿದ ಮೇಲೆ ಯಾರಿಗೂ ಬೇಡವಾಗಿ ನನ್ನ ಪಾಲಿಗೆ ಬಂತು. ಒಂದೇ ಚಿತ್ರ ತೆಗೆದರೆ ಮೇಲೆಲ್ಲ ರವೆ ಚೆಲ್ಲಿದ ಹಾಗೆ ಕಾಣುತ್ತದೆ. ಆದರೆ ಅರ್ಧ ಗಂಟೆ ಬಿಡದೆ ಚಿತ್ರ ತೆಗೆಸಿ, ಎಲ್ಲವನ್ನೂ ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಪೇರಿಸಿ ಒಂದೇ ಮಾಡಿದರೆ ರವೆ ಮಾಯ. ಇದೂ ಒಂದು ಬಗೆಯ ಲಾಂಗ್ ಎಕ್ಸ್‌ಪೋಷರ್. ಒಲೆಯ ಮುಂದೆ ನಿಂತು ಹಾಲು ಕಾಯಬಲ್ಲ ಯಾರು ಬೇಕಾದರೂ ಮಾಡಬಹುದು. ಒಂದೇ ತೊಂದರೆ, ನಿಂತಲ್ಲಿ ನಿಲ್ಲದವರು ಅದರಲ್ಲಿ ಉಳಿಯುವುದಿಲ್ಲ.

ಆ ಭಾನುವಾರಕ್ಕೆ ಕೆಲವು ದಿನ ಮೊದಲು, ಮೊದಲ ಮಹಡಿಯ ನಮ್ಮ ಕಿಟಕಿಯಿಂದ ಕೆಳಗಿನ ಸ್ಟೇಷನ್ ರಸ್ತೆಯನ್ನು ಹಾಗೆ ತೆಗೆದಿದ್ದೆ. ರಿಕ್ಷಾ, ಸ್ಕೂಟರ್, ಜನ ಎಲ್ಲ ಹೊಗೆಯಾಗಿ ಕರಗಿ, ಬಂದ್ ದಿನದಂತೆ ರಸ್ತೆ ಖಾಲಿ. ಉಳಿದವರು ಮೂವರೇ: ಮೂಲೆಯಲ್ಲಿ ಸೊಪ್ಪು ಮಾರುವ, ಎಲ್ಲರೂ ಮೌಶಿ ಎನ್ನುವ ಹೆಂಗಸು, ಮಲಗಿದ್ದ ನಾಯಿ, ಮತ್ತು ಡ್ಯೂಟಿಯಲ್ಲಿದ್ದ ನಮ್ಮ ಸೊಸೈಟಿಯ ವಾಚ್‌ಮನ್. ಅವನೂ ನಾಯಿಯಷ್ಟೇ ಸ್ಪಷ್ಟವಾಗಿ ಬಂದಿದ್ದ.

ಆ ಚಿತ್ರವನ್ನು ನನ್ನ ಯಜಮಾನರು ಬೇಲಾಪುರದ ಆಫೀಸಿನಲ್ಲಿ ಕೂತು ಅಕ್ಕನಿಗೆ ಕಳಿಸಿದರು. ಅಕ್ಕ ಥಾಣೆಯ ವರ್ತಕ ನಗರದಲ್ಲಿ ಒಬ್ಬಳೇ ಬಾಡಿಗೆಗಿದ್ದಳು. ನಮ್ಮ ಎದುರು ಮನೆ ಖಾಲಿಯಿತ್ತು. ಅವಳು ಅಲ್ಲಿಗೆ ಬಂದುಬಿಟ್ಟರೆ ನನಗೆ ಬೇರೇನೂ ಬೇಕಿರಲಿಲ್ಲ. ಆದರೆ ನಮ್ಮ ರೈಲು ಮಾರ್ಗದಲ್ಲಿ ಮನುಷ್ಯನ ಅಂತಸ್ತು ಅವನು ಇಳಿಯುವ ಸ್ಟೇಷನ್. ಥಾಣೆಯವರು ಡೊಂಬಿವಲಿ ಎಂದರೆ ಮೂಗು ಮುರಿಯುತ್ತಾರೆ, ನಾವು ಕಲ್ಯಾಣ ಎಂದರೆ, ಕಲ್ಯಾಣದವರು ವಿಠ್ಠಲವಾಡಿ ಎಂದರೆ. ವಿಠ್ಠಲವಾಡಿಯವರು ಯಾರಿಗೆ ಮುರಿಯುತ್ತಾರೋ, ವಿಚಾರಿಸಬೇಕು.

"ಆ ಜನರ ಗರ್ದಿಗೆ ಬಂದು ನಾನೆಂತ ಮಾಡುವುದು ಮಾರಾಯ್ತಿ?" ಎನ್ನುತ್ತಿದ್ದ ಅಕ್ಕ ಚಿತ್ರ ನೋಡಿ ಮೆತ್ತಗಾದಳು. "ಬಂದು ನೋಡುವ" ಎಂದಳು.

ಭಾನುವಾರ ಬಂದಾಗ ರೈಲಿನ ನೂಕಾಟದಲ್ಲಿ ಅವಳ ಸೆರಗಿನ ಪಿನ್ ಹೋಗಿತ್ತು, ಚಪ್ಪಲಿಯ ಪಟ್ಟಿ ಕಿತ್ತಿತ್ತು. ನೀರೂ ಕುಡಿಯದೆ ಕಿಟಕಿಗೆ ಹೋಗಿ, ಮೊಬೈಲನ್ನೊಮ್ಮೆ ರಸ್ತೆಯನ್ನೊಮ್ಮೆ ನೋಡಿದಳು. ನಮ್ಮಿಬ್ಬರ ಮನೆಮಾತು ತುಳು ಯಜಮಾನರಿಗೆ ಬಾರದ ಕಾರಣ ನಮ್ಮ ಮನೆಯಲ್ಲಿ ಜಗಳವೂ ಕನ್ನಡದಲ್ಲೇ.

"ಆಗ ಇವರೆಲ್ಲ ಎಲ್ಲಿದ್ದರು? ಅಡಗಿ ಕೂತಿದ್ದರಾ?"

"ಇದ್ರು ಅಕ್ಕಾರ, ಇಲ್ಲೇ ಇದ್ರು" ಎಂದರು ಧಾರವಾಡ ಕಡೆಯ ನನ್ನ ಯಜಮಾನರು. "ಆದ್ರ ನಿಂದರಲಿಲ್ಲ ನೋಡ್ರಿ."

"ನೀವು ಸುಮ್ಮನಿರಿ ಭಾವ. ಕಳ್ಸಿದ್ದೇ ನೀವು."

ನಾನು ಪೇರಿಸುವ ಕ್ರಮವನ್ನೆಲ್ಲ ವಿವರಿಸಿದೆ. ಅವಳು ನಂಬಲಿಲ್ಲ. "ನಾನು ಕೆಳಗೆ ಹೋಗಿ ಕೂತುಕೊಳ್ತೇನೆ. ತೆಗಿ. ನಿನ್ನ ಡಬ್ಬಿಯಲ್ಲಿ ನಾನು ಕಾಣದಿದ್ದರೆ ಸಂಜೆಯ ಗಾಡಿಗೆ ವಾಪಸ್."

ನನ್ನ ಚಪ್ಪಲಿ ಮೆಟ್ಟಿಕೊಂಡು ಹೋಗಿ, ಮೌಶಿಯ ಪಕ್ಕದ ಕ್ರೇಟಿನ ಮೇಲೆ ಕೂತಳು. ಸ್ವಲ್ಪ ಹೊತ್ತಿಗೆ ಅವಳ ಹಿಂದಿ ಮಹಡಿಗೆ ಕೇಳತೊಡಗಿತು: "ಯೇ ಹರಿವೆ ತಾಜಾ ಹೈ ಬೋಲ್ತಾ ಹೈ ತುಮ್? ಕಲ್ ಕಾ ಹೈ!"

"ಸಕಾಳಚಂ ಆಹೇ, ತಾಯೀ!" ನಿನ್ನೆಯದಲ್ಲ, ಬೆಳಗಿನದೇ ಎಂದು ಮೌಶಿಯ ಉತ್ತರ.

ಅರ್ಧ ಗಂಟೆಯೂ ಇದೇ ನಡೆಯಿತು. ಚಿತ್ರ ಸಿದ್ಧವಾದಾಗ ರಸ್ತೆ ಮತ್ತೆ ಖಾಲಿ. ನಾಯಿ, ವಾಚ್‌ಮನ್ ತಮ್ಮ ತಮ್ಮ ಜಾಗದಲ್ಲಿ. ಮೌಶಿಯ ಪಕ್ಕದಲ್ಲಿ ಅಕ್ಕ: ಸೀರೆಯ ಅಂಚು, ತುರುಬು, ಕನ್ನಡಕ ಎಲ್ಲ ಸರಿಯಾಗಿತ್ತು. ಮೂಗಿನ ಕೆಳಗೆ ಮಾತ್ರ ಮೋಡ. ಕೈಗಳಂತೂ ಇರಲೇ ಇಲ್ಲ.

"ಅಕ್ಕಾರ, ಕೈ ಬಾಯಿ ಎಲ್ಲಿ ಹೋದ್ವರೀ?" ಎಂದರು ಯಜಮಾನರು. ನಾನು ಅವರ ಕಾಲು ತುಳಿದೆ. ಸಂಜೆಯ ಗಾಡಿಗೆ ಇನ್ನೂ ಹೊತ್ತಿತ್ತು.

ಅಕ್ಕ ಚಿತ್ರಕ್ಕೆ ಮುಖ ಹತ್ತಿರ ತಂದು ನೋಡಿದಳು. ಆಮೇಲೆ ಕನ್ನಡಕ ತೆಗೆದು ಒರೆಸಿಕೊಳ್ಳುವಷ್ಟು ನಕ್ಕಳು.

"ಥಾಣೆಯಲ್ಲಿ ಸೊಪ್ಪು ಪ್ಯಾಕೆಟಿನಲ್ಲಿ ಬಾಗಿಲಿಗೇ ಬರ್ತದೆ. ಪ್ಯಾಕೆಟಿನ ಹತ್ರ ಎಂತ ಜಗಳ ಮಾಡುವುದು, ಹೇಳು? ನಾಳೆ ಬೆಳಿಗ್ಗೆ ಗಾಡಿಯಿಂದ ಸೊಪ್ಪು ಇಳಿಸುವಾಗಲೇ ಬಂದು ನೋಡು ಅಂದಿದ್ದಾಳೆ ಆ ಮೌಶಿ. ನಾನು ಬಿಡ್ತೇನಾ?" ಎಂದವಳು, ಬಾಗಿಲ ಕಡೆ ತಿರುಗಿ ಕೇಳಿದಳು, "ಎದುರು ಮನೆಯ ಕೀಲಿ ಯಾರ ಹತ್ರ ಉಂಟು?"

ರಾತ್ರಿ ಆ ಹರಿವೆಯದೇ ಪಲ್ಯ. ಯಜಮಾನರಿಗೆ ರೊಟ್ಟಿ, ನಮಗಿಬ್ಬರಿಗೆ ಕುಚ್ಚಲಕ್ಕಿ ಗಂಜಿ. ಸೊಪ್ಪು ನಿನ್ನೆಯದೇ ಆಗಿತ್ತು. ಅಕ್ಕ ಎರಡು ಸಲ ಹಾಕಿಸಿಕೊಂಡಳು. ಮೊದಲು ನಿದ್ದೆ ಹೋದವಳೂ ಅವಳೇ, ಕಿಟಕಿಯ ಕೆಳಗಿನ ಚಾಪೆಯಲ್ಲಿ, ಕೈ ಬಾಯಿ ಎರಡೂ ಅಲುಗಿಸದೆ.